ಧ್ವಜ ಇಳಿದ ಮೇಲೆ

2016ರ ಫೆಬ್ರವರಿ 1ರಂದು ಪುಣೆಯ ಬಜಾಜ್ ಕಂಪನಿ ‘ವಿ’ ಹೆಸರಿನ ಹೊಸ ಮೋಟಾರ್ ಸೈಕಲ್ ಅನಾವರಣ ಮಾಡಿತು. ವಿ ಎಂದರೆ ವಿಕ್ರಾಂತ್. ಭಾರತದ ಮೊದಲ ವಿಮಾನವಾಹಕ ಯುದ್ಧನೌಕೆಯನ್ನು ಒಡೆದಾಗ ಸಿಕ್ಕ ಲೋಹವನ್ನು ಕೊಂಡು, ಕರಗಿಸಿ, ಈ ಗಾಡಿಯಲ್ಲಿ ಬೆರೆಸಿದ್ದೇವೆ ಎಂದು ಕಂಪನಿ ಸಾರಿತು. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಕರ್ನಾಟಕಕ್ಕೆ ಕಾಲಿಡುವುದು ನಿಪ್ಪಾಣಿ ತಾಲೂಕಿನ ಕೊಗನೋಳಿಯಲ್ಲಿ. ಆ ಗಾಡಿಗಳು ನಮ್ಮ ಸೀಮೆಯ ರಸ್ತೆಗಳಿಗೂ ಬಂದವು; ಕಬ್ಬಿನ ಗದ್ದೆಗಳ ನಡುವೆ, ಸಂತೆ ಪೇಟೆಗಳಲ್ಲಿ ಓಡಿದವು. ಹದಿನಾರು ಸಾವಿರ ಟನ್ ತೂಗುತ್ತಿದ್ದ ಹಡಗೊಂದು ಹೀಗೆ ತುಣುಕು ತುಣುಕಾಗಿ ಊರೂರಿಗೆ ಹಂಚಿಹೋಯಿತು. ಅದನ್ನು ಇಡಿಯಾಗಿ ಉಳಿಸಿಕೊಳ್ಳಲು ದೇಶಕ್ಕೆ ಹದಿನೇಳು ವರ್ಷಗಳ ಅವಕಾಶವಿತ್ತು.

ನಮ್ಮ ಸೀಮೆಯೆಂದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ನೆಲ. ಇಲ್ಲಿ ಸೈನ್ಯ ಅಂದರೆ ಕಣ್ಮುಂದೆ ಬರುವುದು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ರಜೆಗೆ ಬಂದ ಜವಾನನ ಕಪ್ಪು ಟ್ರಂಕು. ನೌಕಾಪಡೆ ದೂರದ್ದು. ಆದರೆ ಕಡಲು ನಾವು ಅಂದುಕೊಂಡಷ್ಟು ದೂರದ್ದಲ್ಲ. ರೈಲು ಬರುವುದಕ್ಕೆ ಮುಂಚೆ ಬೆಳಗಾವಿ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ವೆಂಗುರ್ಲೆ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. 1880ರ ದಶಕದ ಕೊನೆಗೆ ರೈಲುಮಾರ್ಗ ಬಂದಮೇಲೆ ಆ ಬಂದರಿನ ವ್ಯಾಪಾರ ಸೊರಗಿತು, ನಮ್ಮ ಜನಕ್ಕೆ ಆ ದಾರಿ ಮರೆತೂ ಹೋಯಿತು. ಇವತ್ತಿಗೂ ನಿಪ್ಪಾಣಿಯಿಂದ ಆಜರಾ, ಆಂಬೋಲಿ ದಾಟಿ ಸಾವಂತವಾಡಿಗೆ ಇಳಿದರೆ ಅದೇ ಕರಾವಳಿ. ಸೇವೆ ಮುಗಿಸಿದ ಯುದ್ಧನೌಕೆಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಉತ್ತರ ಹುಡುಕುತ್ತಿರುವುದು ಇದೇ ಪಟ್ಟಿಯಲ್ಲಿ: ಮೇಲೆ ವಿಜಯದುರ್ಗ, ನಡುವೆ ವೆಂಗುರ್ಲೆಯ ಹತ್ತಿರದ ನಿವತಿ, ಕೆಳಗೆ ನಮ್ಮ ಕಾರವಾರ.

ಕಥೆಯನ್ನು ಮೈಸೂರು ಎಂಬ ಹಡಗಿನಿಂದ ಶುರು ಮಾಡಬೇಕು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಹತ್ತು ತಿಂಗಳಿಗೆ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಬ್ರಿಟಿಷರ ಹಳೆಯ ಕ್ರೂಸರ್ ‘ನೈಜೀರಿಯಾ’ ಭಾರತದ ಧ್ವಜ ಏರಿಸಿಕೊಂಡು ಐಎನ್‌ಎಸ್ ಮೈಸೂರು ಆಯಿತು. ಅಥಣಿ, ಚಿಕ್ಕೋಡಿಯ ಜನ ತಮ್ಮ ಹೊಸ ರಾಜ್ಯದ ಹೆಸರಿಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದ ಹೊತ್ತು ಅದು. ಹಡಗಿನ ಲಾಂಛನ ಗಂಡಭೇರುಂಡ. ಅಷ್ಟರಲ್ಲಾಗಲೇ ಅದು ಒಂದು ಬದುಕು ಮುಗಿಸಿತ್ತು: 1940ರಲ್ಲಿ ಸೇವೆಗೆ ಸೇರಿ, ಉತ್ತರ ಧ್ರುವದ ಹಿಮಗಡಲಿನಲ್ಲಿ ಬೆಂಗಾವಲು ಹೋಗಿ, 1942ರ ಆಗಸ್ಟಿನಲ್ಲಿ ಮಾಲ್ಟಾ ದ್ವೀಪದ ಕಡೆಗೆ ಸಾಗುವಾಗ ಇಟಲಿಯ ಸಬ್‌ಮರೀನ್ ಬಿಟ್ಟ ಟಾರ್ಪಿಡೊ ತಿಂದು, ಬದುಕಿ ಬಂದಿತ್ತು.

ಈ ಹಡಗಿನ ಚರಿತ್ರೆ ನಮ್ಮ ಜಿಲ್ಲೆಗೆ ತೀರ ಹತ್ತಿರ ಬಂದದ್ದು 1961ರ ಡಿಸೆಂಬರಿನಲ್ಲಿ. ಗೋವಾ ವಿಮೋಚನೆಗೆಂದು ಭೂಸೇನೆ ಬೆಳಗಾವಿಯಲ್ಲಿ ಜಮಾಯಿಸಿತ್ತು. ಹಿಂದಿನ ತಿಂಗಳಷ್ಟೇ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಡಿಸೆಂಬರ್ 18ರಂದು ಸೈನ್ಯ ಗೋವೆಯೊಳಗೆ ನುಗ್ಗಿತು. ಅದೇ ದಿನ ಐಎನ್‌ಎಸ್ ತ್ರಿಶೂಲ್ ಹಾಗೂ ಐಎನ್‌ಎಸ್ ಮೈಸೂರು ಅಂಜದೀವದ ಎದುರು ನಿಂತವು. ಮೈಸೂರಿನ ಆರು ಇಂಚಿನ ತೋಪುಗಳ ಆಸರೆಯಲ್ಲಿ ನಾವಿಕರು ದೋಣಿಗಳಲ್ಲಿ ದ್ವೀಪಕ್ಕೆ ಇಳಿದರು. ಏಳು ಮಂದಿ ಅಲ್ಲೇ ಪ್ರಾಣ ಬಿಟ್ಟರು. ಗೋವಾ ವಿಮೋಚನೆಯ ಮಾತು ಬಂದಾಗ ನಮ್ಮ ಕಡೆಯವರು ಬೆಳಗಾವಿಯಿಂದ ಹೊರಟ ಫೌಜನ್ನು ನೆನೆಯುತ್ತಾರೆ. ಈ ಏಳು ನಾವಿಕರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾಬಳಗದ ಮುಂದಾಳು ಹಡಗಾಗಿತ್ತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಹಡಗಿನ ಹೆಸರು ಹಾಗೇ ಉಳಿಯಿತು. 1985ರ ಆಗಸ್ಟ್ 20ರಂದು ಧ್ವಜ ಇಳಿಯಿತು, ಒಡಲು ಗುಜರಿಗೆ ಹೋಯಿತು. ಅದರ ಜೊತೆಗಾರ ಕ್ರೂಸರ್ ಐಎನ್‌ಎಸ್ ಡೆಲ್ಲಿಯ ಕಥೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅದು ಮೊದಲು ನ್ಯೂಜಿಲೆಂಡ್ ನೌಕಾಪಡೆಯಲ್ಲಿ ‘ಅಕಿಲೀಸ್’ ಎಂಬ ಹೆಸರಿನಲ್ಲಿ ಜರ್ಮನ್ ಹಡಗಿನ ಎದುರು ಹೋರಾಡಿದ್ದು. 1978ರಲ್ಲಿ ಅದು ನಿವೃತ್ತಿಯಾದಾಗ ಅದರ ಒಂದು ತೋಪಿನ ಗೋಪುರವನ್ನು ಭಾರತ ನ್ಯೂಜಿಲೆಂಡಿಗೆ ಉಡುಗೊರೆಯಾಗಿ ಕೊಟ್ಟಿತು. ಆಕ್ಲೆಂಡಿನ ನೌಕಾನೆಲೆಯ ಬಾಗಿಲಲ್ಲಿ ಇವತ್ತಿಗೂ ಅದು ನಿಂತಿದೆ. ಒಂದೇ ಒಂದು ಗೋಪುರ, ಆದರೆ ಅದನ್ನು ಕೇಳಿ ಪಡೆಯಲು ಅಲ್ಲಿ ಜನರಿದ್ದರು. ಅಂಜದೀವದ ಎದುರು ಗರ್ಜಿಸಿದ ಮೈಸೂರಿನ ಒಂದು ತೋಪು ಕಾರವಾರದ ದಂಡೆಯಲ್ಲಿ ನಿಲ್ಲಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಡಗಿನ ನಿವೃತ್ತಿ ಅಂದರೆ ಏನೇನು ನಡೆಯುತ್ತದೆ? ಹೊತ್ತು ಮುಳುಗುವಾಗ ಸಿಬ್ಬಂದಿಯೆಲ್ಲ ಡೆಕ್ಕಿನ ಮೇಲೆ ಸಾಲುಗಟ್ಟುತ್ತಾರೆ. ರಾಷ್ಟ್ರಧ್ವಜ, ನೌಕಾಧ್ವಜ ಇಳಿಯುತ್ತವೆ. ಹಡಗು ಸೇವೆಗೆ ಸೇರಿದ ದಿನದಿಂದ ಸ್ತಂಭದ ತುದಿಯಲ್ಲಿ ಹಾರುತ್ತಿದ್ದ ಉದ್ದನೆಯ ಪತಾಕೆಯೂ ಇಳಿಯುತ್ತದೆ. ಪತ್ರಿಕೆಗಳಲ್ಲಿ ಬರುವ ಚಿತ್ರ ಇದೇ. ಮರುದಿನದಿಂದ ಆಗುವುದನ್ನು ಯಾರೂ ಚಿತ್ರ ತೆಗೆಯುವುದಿಲ್ಲ. ಮದ್ದುಗುಂಡು ಮೊದಲೇ ಇಳಿದಿರುತ್ತವೆ. ಎಣ್ಣೆ ಖಾಲಿಯಾಗುತ್ತದೆ. ರೇಡಾರ್, ಕ್ಷಿಪಣಿ ಯಂತ್ರ, ಪಂಪು, ಕೇಬಲ್ಲು ಹೀಗೆ ಇನ್ನೂ ಕೆಲಸಕ್ಕೆ ಬರುವುದೆಲ್ಲ ಬಿಚ್ಚಿಕೊಂಡು ಅದೇ ಜಾತಿಯ ಬೇರೆ ಹಡಗುಗಳಿಗೆ ಹೋಗುತ್ತದೆ. ಕಡೆಗೆ ಉಳಿಯುವುದು ಕಬ್ಬಿಣದ ಖಾಲಿ ಒಡಲು.

ಆ ಒಡಲನ್ನು ಸುಮ್ಮನೆ ಕಟ್ಟಿಹಾಕಿ ಮರೆಯಲಾಗದು. ಉಪ್ಪುನೀರು ಒಂದು ದಿನವೂ ರಜೆ ಹಾಕುವುದಿಲ್ಲ. ನೀರಿನೊಳಗಿನ ತಗಡಿಗೆ ಚಿಪ್ಪುಹುಳು ಅಂಟುತ್ತವೆ, ತಗಡು ತೆಳುವಾಗುತ್ತದೆ. ಹಡಗಿನ ಕಬ್ಬಿಣದ ಬದಲು ತಾವೇ ಸವೆಯಲೆಂದು ಒಡಲಿಗೆ ಸತುವಿನ ಗಟ್ಟಿಗಳನ್ನು ಕೂಡಿಸಿರುತ್ತಾರೆ. ಅವು ಸವೆದಂತೆಲ್ಲ ಬದಲಿಸಬೇಕು. ಒಳಗೆ ಜಿನುಗಿದ ನೀರು ಎತ್ತಲು ಪಂಪು, ಪಂಪಿಗೆ ದಡದಿಂದ ಕರೆಂಟು, ಕಾವಲಿಗೆ ಜನ, ಹಗ್ಗ ಬಿಗಿಯಲು ಜನ, ಕೆಲ ವರ್ಷಕ್ಕೊಮ್ಮೆ ಒಣಕಟ್ಟೆಗೆ (ಡ್ರೈಡಾಕ್) ಎಳೆದು ಬಣ್ಣ ಬಳಿಯುವ ಖರ್ಚು. ಹೊಲ ಊಳಲಾಗದ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿದರೂ ದಿನಾ ಮೇವು ಹಾಕಲೇಬೇಕಲ್ಲ, ಹಾಗೆ. ಮೇಲಾಗಿ ಅದು ನಿಂತ ಜಾಗದಲ್ಲಿ ದುಡಿಯುವ ಇನ್ನೊಂದು ಹಡಗು ನಿಲ್ಲಲಾರದು. ಮುಂಬೈಯ ನೌಕಾಕಟ್ಟೆ ಮೊದಲೇ ಇಕ್ಕಟ್ಟು. ನೌಕಾಪಡೆಯ ಅಧಿಕಾರಿಗಳು ಹಳೆಯ ಹಡಗನ್ನು ಬೇಗ ಸಾಗಹಾಕಲು ನೋಡುತ್ತಾರೆಂದು ಅವರನ್ನು ಬೈಯುವ ಮುನ್ನ ಈ ಲೆಕ್ಕವನ್ನು ನಾವು ನೋಡಬೇಕು.

ವಿಕ್ರಾಂತ್ ಹುಟ್ಟಿದ್ದೇ ಹೀಗೆ ಕಟ್ಟಿಹಾಕಿದ ಹಡಗಾಗಿ. 1943ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ಕಟ್ಟೆಯಲ್ಲಿ ‘ಹರ್ಕ್ಯುಲೀಸ್’ ಎಂಬ ಹೆಸರಿನಲ್ಲಿ ಕೆಲಸ ಶುರುವಾಯಿತು. 1945ರ ಸೆಪ್ಟೆಂಬರ್ 22ರಂದು ನೀರಿಗಿಳಿಯುವ ಹೊತ್ತಿಗೆ ಮಹಾಯುದ್ಧವೇ ಮುಗಿದಿತ್ತು. ಬ್ರಿಟನ್ನಿಗೆ ಹಡಗು ಬೇಡವಾಯಿತು. ಅರೆಕೆಲಸದ ಒಡಲನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಿಲ್ಲಿಸಿಟ್ಟರು. 1957ರಲ್ಲಿ ಭಾರತ ಅದನ್ನು ಕೊಂಡಿತು, ಬೆಲ್‌ಫಾಸ್ಟ್‌ನ ಕಟ್ಟೆಯಲ್ಲಿ ಕೆಲಸ ಪೂರ್ತಿಯಾಯಿತು. 1961ರ ಮಾರ್ಚ್ 4ರಂದು ಬ್ರಿಟನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್ ಅದನ್ನು ಸೇವೆಗೆ ಸೇರಿಸಿದರು. ಅದೇ ನವೆಂಬರಿನಲ್ಲಿ ಹಡಗು ಮುಂಬೈ ತಲುಪಿತು. ಚೆನ್ನಾಗಿ ಕಾದಿಟ್ಟ ಒಡಲು ಎಷ್ಟು ವರ್ಷವಾದರೂ ಹೊಸ ಬದುಕು ಕಾಣಬಲ್ಲದು ಎಂಬುದಕ್ಕೆ ನಮ್ಮ ಮೊದಲ ವಿಮಾನವಾಹಕವೇ ಸಾಕ್ಷಿ.

1971ರ ಡಿಸೆಂಬರಿನಲ್ಲಿ ಅದು ಮಾಡಿದ ಕೆಲಸ ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ್ದು. ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಹಡಗು ಪೂರ್ತಿ ವೇಗಕ್ಕೆ ಏರುವಂತಿರಲಿಲ್ಲ. ಡೆಕ್ಕಿನಿಂದ ವಿಮಾನ ಮೇಲೇಳಲು ಹಡಗಿನ ವೇಗದ ಗಾಳಿಯೂ ಬೇಕು. ಇಂಥ ಸ್ಥಿತಿಯಲ್ಲಿ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅದನ್ನು ಬಂಗಾಳ ಕೊಲ್ಲಿಗೆ ಒಯ್ದರು. ಡಿಸೆಂಬರ್ 4ರಿಂದ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಎರಗಿದವು. ಅದನ್ನೇ ಬೇಟೆಯಾಡಲು ಬಂದಿದ್ದ ಪಾಕಿಸ್ತಾನದ ಸಬ್‌ಮರೀನ್ ಗಾಜಿ ವಿಶಾಖಪಟ್ಟಣದ ಹೊರಗೆ ಮುಳುಗಿತು. ಪೂರ್ವ ಪಾಕಿಸ್ತಾನದಲ್ಲಿದ್ದ ಸೈನ್ಯಕ್ಕೆ ಸಮುದ್ರದ ದಾರಿ ಮುಚ್ಚಿಹೋಯಿತು.

1997ರ ಜನವರಿ 31ರಂದು ವಿಕ್ರಾಂತ್ ನಿವೃತ್ತಿಯಾಯಿತು. ಅದನ್ನು ಮ್ಯೂಸಿಯಂ ಮಾಡಬೇಕೆಂಬ ಮಾತಿಗೆ ಯಾರೂ ಬೇಡವೆನ್ನಲಿಲ್ಲ, ಮಹಾರಾಷ್ಟ್ರ ಸರ್ಕಾರವೂ ಒಪ್ಪಿತು. 2001ರಿಂದ ಜನ ಒಳಗೆ ಹೋಗಿ ನೋಡುವ ಏರ್ಪಾಡೂ ಆಯಿತು. ಆದರೆ ಹಡಗನ್ನು ಶಾಶ್ವತವಾಗಿ ಎಲ್ಲಿ ನಿಲ್ಲಿಸುವುದು, ಯಾರ ದುಡ್ಡಿನಲ್ಲಿ? ಖಾಸಗಿಯವರು ಬಂದಾರು ಎಂದು ಕಾದದ್ದೇ ಬಂತು. ವರ್ಷ ವರ್ಷ ನೌಕಾಪಡೆಯೇ ಖರ್ಚು ಹೊತ್ತಿತು, ಒಡಲು ಸವೆಯುತ್ತ ಹೋಯಿತು. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಜನರ ಪ್ರವೇಶ ನಿಂತಿತು. 2013ರ ಕೊನೆಗೆ ಹರಾಜಿನ ಸುದ್ದಿ ಬಂದಾಗ ಮುಂಬೈಯಲ್ಲಿ ಕೆಲವರು ಹೈಕೋರ್ಟಿಗೆ ಹೋದರು. 2014ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಐಬಿ ಕಮರ್ಷಿಯಲ್ಸ್ ಎಂಬ ಕಂಪನಿ 60 ಕೋಟಿ ರೂಪಾಯಿಗೆ ಹಡಗನ್ನು ಕೊಂಡಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅಡ್ಡಿ ತೆರವು ಮಾಡಿತು, ನವೆಂಬರಿನಲ್ಲಿ ಮುಂಬೈಯ ದಾರೂಖಾನಾದಲ್ಲಿ ಗ್ಯಾಸ್ ಕಟರುಗಳು ಕೆಲಸ ಶುರು ಮಾಡಿದವು. 2016ರ ಜನವರಿಯಲ್ಲಿ ನೌಕಾಕಟ್ಟೆಯ ಲಯನ್ ಗೇಟ್ ಎದುರು ಅದರ ಲೋಹದಿಂದಲೇ ಮಾಡಿದ ಸ್ಮಾರಕವೊಂದು ನಿಂತಿತು. ಮುಂದಿನ ವಾರ ಬಜಾಜ್ ಗಾಡಿ ಹೊರಬಂತು.

ದಾರೂಖಾನಾ ಎಂದರೆ ಮುಂಬೈ ಬಂದರಿನ ಪೂರ್ವದಂಡೆಯ ಹಳೆಯ ಹಡಗು ಒಡೆಯುವ ಜಾಗ. ದೊಡ್ಡ ಪ್ರಮಾಣದಲ್ಲಿ ಈ ಕೆಲಸ ನಡೆಯುವುದು ಗುಜರಾತಿನ ಅಲಂಗ್‌ನಲ್ಲಿ. ಖಂಭಾತ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರಿನಷ್ಟು ಅಂತರ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ನೋಡಿ ಹಡಗನ್ನು ನೇರ ದಂಡೆಗೆ ನುಗ್ಗಿಸುತ್ತಾರೆ. ನೀರು ಇಳಿದಾಗ ಹಡಗು ಕೆಸರಿನಲ್ಲಿ ಕೂತಿರುತ್ತದೆ, ಒಣಕಟ್ಟೆಯ ಅಗತ್ಯವೇ ಇಲ್ಲ. 1983ರಲ್ಲಿ ಅಲ್ಲಿ ಮೊದಲ ಹಡಗು ದಂಡೆ ಹತ್ತಿತು. ಕೆಲವೇ ವರ್ಷಗಳಲ್ಲಿ ಅಲಂಗ್ ಜಗತ್ತಿನ ಅತಿ ದೊಡ್ಡ ಹಡಗು ಒಡೆಯುವ ತಾಣಗಳ ಸಾಲಿಗೆ ಸೇರಿತು. ದೇಶದ ಬಡ ಜಿಲ್ಲೆಗಳಿಂದ ಬಂದ ಕೂಲಿಗಳು ಅಲ್ಲಿ ಉಕ್ಕನ್ನು ಕತ್ತರಿಸುತ್ತಾರೆ. ಹಳೆಯ ಯುದ್ಧನೌಕೆಯೆಂದರೆ ಅವರಿಗೆ ಹೆಚ್ಚು ಅಪಾಯ. ಉಗಿಯ ಕೊಳವೆಗಳಿಗೆ ಸುತ್ತಿದ ಆಸ್ಬೆಸ್ಟಾಸ್ ನಾರು ಗಾಳಿಯಲ್ಲಿ ಸೇರಿ ಶ್ವಾಸಕೋಶ ಹೊಕ್ಕರೆ ಹತ್ತಿಪ್ಪತ್ತು ವರ್ಷದ ಮೇಲೆ ರೋಗವಾಗಿ ಏಳುತ್ತದೆ. ಹಳೆಯ ಬಣ್ಣದಲ್ಲಿ ಸೀಸ, ಟ್ಯಾಂಕಿನ ತಳದಲ್ಲಿ ಎಣ್ಣೆಯ ಗಸಿ.

ಫ್ರಾನ್ಸಿನ ವಿಮಾನವಾಹಕ ‘ಕ್ಲೆಮನ್ಸೊ’ 2005ರ ಡಿಸೆಂಬರ್ 31ರಂದು ಅಲಂಗ್‌ಗೆ ಹೊರಟಾಗ ಈ ಆಸ್ಬೆಸ್ಟಾಸ್ ವಿಚಾರಕ್ಕೇ ಎರಡೂ ದೇಶಗಳಲ್ಲಿ ಗದ್ದಲವಾಯಿತು. ಒಂದೂವರೆ ತಿಂಗಳಲ್ಲಿ ಅಧ್ಯಕ್ಷ ಶಿರಾಕ್ ಅದನ್ನು ಹಿಂದಕ್ಕೆ ಕರೆಸಿಕೊಂಡರು. ಕೊನೆಗೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಒಡೆದರು. ಅದರ ಅವಳಿ ಹಡಗಿನದ್ದು ಇನ್ನೂ ಕೆಟ್ಟ ಗತಿ. ಅದನ್ನು ಕೊಂಡಿದ್ದ ಬ್ರೆಜಿಲ್, ಒಡೆಯಲು ಯಾವ ಬಂದರೂ ಒಳಗೆ ಬಿಟ್ಟುಕೊಳ್ಳದೆ ಹೋದಾಗ, 2023ರ ಫೆಬ್ರವರಿಯಲ್ಲಿ ಆಸ್ಬೆಸ್ಟಾಸ್ ಸಮೇತ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿಬಿಟ್ಟಿತು. ಸಿರಿವಂತ ದೇಶಗಳಿಗೂ ಇದು ಸುಲಭವಾಗಿಲ್ಲ.

ಹಾಗಾದರೆ ನಮ್ಮ ಇನ್ನೊಂದು ವಿಮಾನವಾಹಕ ವಿರಾಟ್ ಏನಾಯಿತು? ಬ್ರಿಟಿಷರ ‘ಹರ್ಮೀಸ್’ ಆಗಿ 1959ರಲ್ಲಿ ಸೇವೆಗೆ ಸೇರಿ, 1982ರಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅವರ ಮುಂದಾಳು ಹಡಗಾಗಿದ್ದು, 1987ರ ಮೇ 12ರಂದು ನಮ್ಮದಾಯಿತು. ನೌಕಾಪಡೆಯ ಲೆಕ್ಕದಂತೆ ಭಾರತದ ಧ್ವಜದಡಿ 2,252 ದಿನ ಕಡಲಲ್ಲಿ ಕಳೆದು, ಹತ್ತು ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಸಾಗಿತು. 2016ರ ಜುಲೈನಲ್ಲಿ ತನ್ನ ಉಗಿಯ ಬಲದಿಂದಲೇ ಕೊನೆಯ ಸಲ ಮುಂಬೈಯಿಂದ ಕೊಚ್ಚಿಗೆ ಹೋಯಿತು. ಅಲ್ಲಿ ಬಾಯ್ಲರುಗಳನ್ನು ಮುಚ್ಚಿದರು, ವಾಪಸು ಬಂದದ್ದು ಟಗ್ಗುಗಳ ಹಿಂದೆ. 2017ರ ಮಾರ್ಚ್ 6ರಂದು ಧ್ವಜ ಇಳಿಯಿತು.

ವಿಕ್ರಾಂತ್ ಕಳೆದುಕೊಂಡ ನೋವು ಆಗಿನ್ನೂ ಹಸಿ. ಆಂಧ್ರ ಪ್ರದೇಶ ಆಸಕ್ತಿ ತೋರಿತು. 2018ರ ನವೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಸಿಂಧುದುರ್ಗ ಜಿಲ್ಲೆಯ ನಿವತಿ ಬಂಡೆಗಳ ಹತ್ತಿರ ಸಮುದ್ರದಲ್ಲೇ ಹಡಗನ್ನು ನೆಲೆಗೊಳಿಸಿ ಮ್ಯೂಸಿಯಂ, ಹೋಟೆಲ್, ಸಾಹಸ ಕ್ರೀಡೆಗಳ ಕೇಂದ್ರ ಮಾಡುವುದು. ನಿಪ್ಪಾಣಿ, ಚಿಕ್ಕೋಡಿಯವರು ಮುಂಜಾನೆ ಹೊರಟು ಸಂಜೆಗೆ ಮರಳಬಹುದಾದ ದೂರ ಅದು. ಆ ಯೋಜನೆ ಕೈಗೂಡಿದ್ದರೆ ನಮ್ಮ ಗಡಿನಾಡಿನ ಶಾಲೆಗಳ ಪ್ರವಾಸದ ನಕ್ಷೆಯೇ ಬದಲಾಗುತ್ತಿತ್ತು. ಕೈಗೂಡಲಿಲ್ಲ. ಮತ್ತೆ ಅದೇ ಖಾಸಗಿ ಪಾಲುದಾರರಿಗಾಗಿ ಕಾಯುವಿಕೆ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು: ವಿರಾಟ್ ಗುಜರಿಗೆ.

ಅಲಂಗ್‌ನ ಶ್ರೀರಾಮ್ ಗ್ರೂಪ್ 38.54 ಕೋಟಿಗೆ ಕೊಂಡಿತು. 2020ರ ಸೆಪ್ಟೆಂಬರ್ 19ರಂದು ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಮುಂದಿನಿಂದ ಟಗ್ಗುಗಳು ಅದನ್ನು ಎಳೆದೊಯ್ದಾಗ ಅದರಲ್ಲಿ ದುಡಿದಿದ್ದ ಮುದಿ ನಾವಿಕರು ದಡದಲ್ಲಿ ನಿಂತು ಸಲ್ಯೂಟ್ ಹೊಡೆದರು. ಅಲಂಗ್‌ನಲ್ಲಿ ತಕ್ಕ ಉಬ್ಬರ ಕಾದು, 28ರಂದು ಅದನ್ನು ದಂಡೆಗೆ ಹತ್ತಿಸಿದರು. ಆಮೇಲೆ ಎನ್ವಿಟೆಕ್ ಎಂಬ ಸಂಸ್ಥೆ, ನಮಗೆ ಕೊಡಿ, ಗೋವೆಯಲ್ಲಿ ಮ್ಯೂಸಿಯಂ ಮಾಡುತ್ತೇವೆ ಎಂದು ಮುಂದೆ ಬಂತು. ರಕ್ಷಣಾ ಸಚಿವಾಲಯ ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಡೆಯುವುದಕ್ಕೆ ತಡೆ ಕೊಟ್ಟಿತು, ಏಪ್ರಿಲಿನಲ್ಲಿ ತಡೆ ತೆರವಾಯಿತು. ಅಷ್ಟರಲ್ಲಿ ಹಡಗಿನ ಸುಮಾರು ಶೇಕಡಾ ನಲವತ್ತು ಪಾಲು ಒಡೆದಾಗಿತ್ತು. ಕಾಳಜಿ ನಿಜವೇ, ಬಂದ ಹೊತ್ತು ಮಾತ್ರ ತಡವಾಗಿತ್ತು. ವಿಕ್ರಾಂತ್ ವಿಷಯದಲ್ಲೂ ಜನ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹರಾಜಿನ ನೋಟಿಸು ಬಂದಮೇಲೆಯೇ. ಧ್ವಜ ಇಳಿಯುವ ಮುಂಚೆಯೇ ಜಾಗ, ಹಣ, ಹೊಣೆಗಾರರು ಗೊತ್ತಾಗಿರದಿದ್ದರೆ ಹಡಗು ಉಳಿಯುವುದಿಲ್ಲ. ಈ ಎರಡು ಹಡಗುಗಳ ಕಡತ ಓದಿದ ಯಾರಿಗಾದರೂ ಕಾಣುವುದು ಇಷ್ಟೇ.

ಉಳಿದ ಹಡಗುಗಳನ್ನು ನೋಡಿದರೂ ಇದೇ ತಿಳಿಯುತ್ತದೆ. ವಿಶಾಖಪಟ್ಟಣದ ಕುರ್ಸುರಾ ಸಬ್‌ಮರೀನ್ ನಿವೃತ್ತಿಯಾದ ಸ್ವಲ್ಪ ಕಾಲದಲ್ಲೇ ಅದನ್ನು ನೀರಿನಿಂದ ಎಳೆದು ಮರಳಿನ ಮೇಲೆ ಕೂರಿಸಿದರು; 2002ರಿಂದ ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಿದ್ದಾರೆ. ಸಬ್‌ಮರೀನು ಚಿಕ್ಕದು, ನೆಲದ ಮೇಲಿದೆ, ನೋಡಿಕೊಳ್ಳಲು ಒಂದು ಸ್ಥಳೀಯ ಆಡಳಿತವಿದೆ. ನಮ್ಮ ಕಾರವಾರದ ಚಪಲ್ ಉಳಿದದ್ದೂ ಹೀಗೆಯೇ.

ಐಎನ್‌ಎಸ್ ಚಪಲ್ ಸೋವಿಯತ್ ದೇಶದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. ಉದ್ದ ಮೂವತ್ತೆಂಟು ಮೀಟರಿನಷ್ಟು, ತೂಕ 245 ಟನ್, ಬೆನ್ನ ಮೇಲೆ ನಾಲ್ಕು ಕ್ಷಿಪಣಿ ಗೂಡುಗಳು. 1976ರ ನವೆಂಬರ್ 4ರಂದು ಸೇವೆಗೆ ಸೇರಿ 2005ರ ಮೇ 5ರಂದು ನಿವೃತ್ತಿಯಾಯಿತು. ಅದೇ ತಿಂಗಳ 31ರಂದು ಕಾರವಾರದ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಉದ್ಘಾಟನೆಯಾಯಿತು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದ ಸೀಬರ್ಡ್ ಯೋಜನೆ ಅದು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ತೋಟ, ಮೀನುಗಾರಿಕೆಯ ದಂಡೆ ಬಿಟ್ಟು ಎದ್ದಿದ್ದವು. ಅಂಜದೀವವೂ ಈಗ ಆ ನೆಲೆಯ ಒಳಗಿದೆ. ನೆಲೆಯೊಳಗೆ ಸಾಮಾನ್ಯರಿಗೆ ಪ್ರವೇಶವಿಲ್ಲ. ತಮ್ಮ ನೆಲ ಕೊಟ್ಟ ಜನಕ್ಕೆ ಒಂದು ಯುದ್ಧನೌಕೆಯನ್ನಾದರೂ ಹತ್ತಿ ಒಳಗೆ ಓಡಾಡುವ ಅವಕಾಶ ಸಿಗುವುದು ನ್ಯಾಯವೇ. ಚಪಲ್ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮರಳ ಮೇಲೆ ನಿಂತು ಮ್ಯೂಸಿಯಂ ಆಯಿತು.

ಬೆಳಗಾವಿ ಜಿಲ್ಲೆಯ ಶಾಲೆಗಳ ಬಸ್ಸುಗಳು ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ನಿಲ್ಲುತ್ತವೆ. ಅಥಣಿಯ ಹುಡುಗನಿಗೆ ಯುದ್ಧನೌಕೆಯ ಕಿರಿದಾದ ಏಣಿ, ನಾವಿಕರು ಒಬ್ಬರ ಮೇಲೊಬ್ಬರು ಮಲಗುತ್ತಿದ್ದ ಹಲಗೆ, ಎಂಜಿನ್ ಕೋಣೆಯ ಇಕ್ಕಟ್ಟು ಕೈಗೆ ಮುಟ್ಟುವುದು ಇಲ್ಲೇ. ಆ ಮಕ್ಕಳಿಗೆ ಒಂದು ಮಾತು ಸರಿಯಾಗಿ ಹೇಳಬೇಕು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಎಸೆದ ದೋಣಿಗಳು ಚಪಲ್ ವಂಶದವೇ ಆದರೂ ಅವು ಬೇರೆ: ನಿಪಾತ್, ನಿರ್ಘಾತ್, ವೀರ್. ದೂರ ಸಾಗುವ ಶಕ್ತಿ ಕಡಿಮೆಯಿದ್ದ ಅವುಗಳನ್ನು ದೊಡ್ಡ ಹಡಗುಗಳು ಎಳೆದುಕೊಂಡು ಹೋಗಿದ್ದವು. ಪಾಕಿಸ್ತಾನದ ಖೈಬರ್, ಮುಹಾಫಿಜ್ ಅಂದು ಮುಳುಗಿದವು. ನಾವು ನೌಕಾಪಡೆ ದಿನ ಆಚರಿಸುವುದು ಆ ರಾತ್ರಿಯ ನೆನಪಿಗೆ. ಚಪಲ್ ಬಂದದ್ದು ಐದು ವರ್ಷದ ಮೇಲೆ. ಅದರಿಂದ ಚಪಲ್‌ನ ಬೆಲೆ ಕಡಿಮೆಯಾಗುವುದಿಲ್ಲ, ಆ ದೋಣಿಗಳೊಳಗೆ ಏನಿರುತ್ತಿತ್ತು ಎಂಬುದನ್ನು ನಮಗೆ ತೋರಿಸುವುದು ಅದೇ ತಾನೆ.

ನೆಲಕ್ಕೆ ಎಳೆದರೂ ಉಪ್ಪುಗಾಳಿ ಬಿಡುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ತಗಡು ಕೆಂಪಾಗುತ್ತದೆ. ಕೆರೆದು ಬಣ್ಣ ಬಳಿಯುವ ಕೆಲಸ ಎಂದಿಗೂ ಮುಗಿಯದು. ಆದರೆ 245 ಟನ್ನಿಗೆ ಬಣ್ಣ ಬಳಿಯುವುದು ಒಂದು ಜಿಲ್ಲೆಯ ಕೈಯಳವಿನ ಮಾತು. ಇಪ್ಪತ್ತೆಂಟು ಸಾವಿರ ಟನ್ನಿನ ವಿರಾಟ್‌ಗೆ ಬಳಿಯುವುದು ಒಂದು ರಾಜ್ಯಕ್ಕೂ ಭಾರ.

ಇನ್ನೊಂದು ದಾರಿ ಮುಳುಗಿಸುವುದು. ಅಮೆರಿಕ 2006ರಲ್ಲಿ ತನ್ನ ‘ಒರಿಸ್ಕನಿ’ ಎಂಬ ವಿಮಾನವಾಹಕವನ್ನು ಶುಚಿಗೊಳಿಸಿ ಫ್ಲಾರಿಡಾದ ಪೆನ್ಸಕೋಲಾ ಎದುರು ಮುಳುಗಿಸಿತು. ಅದರ ಮೇಲೆ ಹವಳ, ಸ್ಪಂಜು ಬೆಳೆದು, ಮೀನು ಮನೆಮಾಡಿ, ಮುಳುಗುಗಾರರಿಗೆ ಹೆಸರಾದ ತಾಣವಾಯಿತು. ವಿರಾಟ್ ಬರಬೇಕಿದ್ದ ನಿವತಿಗೆ ಈಗ ಇದೇ ರೀತಿ ಬರುವ ಪಾಳಿ ಐಎನ್‌ಎಸ್ ಗುಲ್ದಾರ್‌ನದು. ಪೋಲೆಂಡಿನ ಗಿಡಿನಿಯಾದಲ್ಲಿ ಕಟ್ಟಿದ ಈ ಹಡಗು ಟ್ಯಾಂಕುಗಳನ್ನೂ ಸೈನಿಕರನ್ನೂ ನೇರ ದಂಡೆಗೆ ಇಳಿಸುವಂಥದು. ಉದ್ದ ಎಂಬತ್ತಮೂರು ಮೀಟರಿಗೂ ಹೆಚ್ಚು. 1985ರ ಡಿಸೆಂಬರ್ 30ರಂದು ಸೇವೆಗೆ ಸೇರಿ, 2024ರ ಜನವರಿ 12ರಂದು ಪೋರ್ಟ್ ಬ್ಲೇರಿನಲ್ಲಿ ಚೀತಾ, ಕುಂಭೀರ್ ಹಡಗುಗಳ ಜೊತೆಗೆ ನಿವೃತ್ತಿಯಾಯಿತು. 2025ರ ಫೆಬ್ರವರಿಯಲ್ಲಿ ಕಾರವಾರದ ನೌಕಾಕಟ್ಟೆಯಲ್ಲಿ ನೌಕಾಪಡೆ ಅದನ್ನು ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಿತು. ಮುಂದಿನ ತಿಂಗಳು ಅಲ್ಲಿಂದ ವಿಜಯದುರ್ಗಕ್ಕೆ ಎಳೆದು ತಂದರು. ಕೇಂದ್ರ ಸರ್ಕಾರ ಸುಮಾರು 47 ಕೋಟಿ ರೂಪಾಯಿ ಮಂಜೂರು ಮಾಡಿದೆ. ಎಣ್ಣೆ, ವಿಷವಸ್ತುಗಳನ್ನು ಪೂರ್ತಿ ತೆಗೆದು, ಮುಳುಗುಗಾರರು ಸಿಕ್ಕಿಹಾಕಿಕೊಳ್ಳದಂತೆ ದಾರಿಗಳನ್ನು ಬಿಡಿಸಿ, ನಿವತಿ ಬಂಡೆಯ ಹತ್ತಿರ ಸಮುದ್ರತಳದಲ್ಲಿ ಕೂರಿಸುವ ಯೋಜನೆ. ಇಲ್ಲಿ ಗಮನಿಸಬೇಕಾದ್ದು ಅವಧಿ. ಧ್ವಜ ಇಳಿದು ಹದಿಮೂರು ತಿಂಗಳಲ್ಲಿ ಹಡಗು ಹೊಸ ಒಡೆಯರ ಕೈಸೇರಿತು, ಹಣವೂ ಜಾಗವೂ ಗೊತ್ತಾಗಿದ್ದವು. ವಿಕ್ರಾಂತ್ ಹದಿನೇಳು ವರ್ಷದಲ್ಲಿ ಕಾಣದ್ದು ಇದು.

ಗುಲ್ದಾರ್ ಹೊರಟ ಅದೇ ಕಾರವಾರದ ನೆಲೆಯಲ್ಲಿ ವಿಮಾನವಾಹಕ ಐಎನ್‌ಎಸ್ ವಿಕ್ರಮಾದಿತ್ಯ ನಿಲ್ಲುತ್ತದೆ. ಅದೂ ಎತ್ತಿಟ್ಟಿದ್ದ ಹಡಗೇ. 1982ರಲ್ಲಿ ಸೋವಿಯತ್ ಉಕ್ರೇನಿನಲ್ಲಿ ನೀರಿಗಿಳಿದು, 1987ರಲ್ಲಿ ‘ಬಾಕು’ ಆಗಿ ಸೇವೆಗೆ ಸೇರಿ, ಸೋವಿಯತ್ ಒಕ್ಕೂಟ ಒಡೆದಮೇಲೆ 1996ರಲ್ಲಿ ಮೂಲೆಗೆ ಬಿತ್ತು. 2004ರಲ್ಲಿ ಭಾರತ ಒಪ್ಪಂದ ಮಾಡಿಕೊಂಡು, ಬೆಲೆ ಏರಿ, ವರ್ಷಗಳು ಜಾರಿ, ಕೊನೆಗೆ 2013ರ ನವೆಂಬರ್ 16ರಂದು ನಮ್ಮದಾಯಿತು. 2014ರ ಜನವರಿಯಲ್ಲಿ ಕಾರವಾರ ತಲುಪಿತು. ಕರ್ನಾಟಕವನ್ನು ತವರು ಮಾಡಿಕೊಂಡ ಮೊದಲ ವಿಮಾನವಾಹಕ ಅದು. ಅದರ ಒಡಲಿಗೆ ನಾಲ್ಕು ದಶಕ ದಾಟಿದೆ. ಎಂದಾದರೊಂದು ದಿನ ಅದರ ಧ್ವಜವೂ ಇಳಿಯುತ್ತದೆ, ಆಗ ಈ ಹಡಗು ಬೇಕೇ ಎಂದು ಕೇಳುವ ಒಂದು ಕಾಗದ ಬೆಂಗಳೂರಿನ ರಾಜ್ಯ ಸರ್ಕಾರದ ಬಾಗಿಲಿಗೂ ಬರಬೇಕು, ನಮಗೆ ಬೇಕು ಎಂದು ಹೇಳುವವರು ಇರಬೇಕು. ಆ ಉತ್ತರದ ಲೆಕ್ಕವನ್ನು ಈಗಲೇ ಹಾಕಬಹುದು. ಹಡಗನ್ನು ನೀರಿನಿಂದ ಮೇಲೆತ್ತುವ ಕಾರವಾರದ ಶಿಪ್‌ಲಿಫ್ಟ್ ಎತ್ತಬಲ್ಲದ್ದು 10,000 ಟನ್. ವಿಕ್ರಮಾದಿತ್ಯದ ಭಾರ ಸುಮಾರು 45,000. ಅದರ ಒಡಲಿನ ದುರಸ್ತಿಗೆ ಬೇರೆ ಊರಿನ ಒಣಕಟ್ಟೆಗೆ ಒಯ್ಯಬೇಕು. ಆದ್ದರಿಂದ ಇಡೀ ಹಡಗನ್ನು ಉಳಿಸುವುದೋ, ಅದರ ಡೆಕ್ಕಿನ ಮೇಲಿನ ಗೋಪುರವನ್ನಷ್ಟೇ ದಡಕ್ಕೆ ತರುವುದೋ, ಇಲ್ಲವೇ ಶುಚಿಗೊಳಿಸಿ ಕಡಲಿಗೆ ಇಳಿಸುವುದೋ ಎಂಬುದನ್ನು ಕಾರವಾರದ ಜಿಲ್ಲಾಡಳಿತ, ನೌಕಾಪಡೆ, ರಾಜ್ಯದ ಪ್ರವಾಸೋದ್ಯಮ ಇಲಾಖೆ ಕೂತು ಮಾತಾಡಲು ಇದೇ ತಕ್ಕ ಹೊತ್ತು. ಹಡಗು ಇನ್ನೂ ಸೇವೆಯಲ್ಲಿದೆ.